ನೀರು ಕೇಳಿದ ಇಬ್ಬರು

ಮೊದಲ ಬೆಳಿಗ್ಗೆ ಅಂಗಳಕ್ಕೆ ಬಂದಾಗ ಆಕಾಶದಿಂದ ಕಪ್ಪು ಎಳೆಗಳು ಬೀಳುತ್ತಿದ್ದವು. ಬೆರಳುದ್ದದವು, ಕೂದಲಿನಷ್ಟು ಹಗುರ. ಒಂದು ನನ್ನ ತೋಳಿನ ಮೇಲೆ ಕುಳಿತಿತು. ಒರೆಸಿದರೆ ಕಾಡಿಗೆಯಂತೆ ಹರಡಿತು. ತಲೆಯೆತ್ತಿ ನೋಡಿದೆ. ಮನೆಗಳ ಹಿಂದಿನ ಹೊಲದಲ್ಲಿ ನಿಂತ ಕಬ್ಬು ಉರಿಯುತ್ತಿತ್ತು, ಜ್ವಾಲೆ ತೆಂಗಿನ ಮರಕ್ಕಿಂತ ಎತ್ತರ ಎದ್ದಿತ್ತು. ನಾನು "ಬೆಂಕಿ, ಬೆಂಕಿ" ಎಂದು ಕನ್ನಡದಲ್ಲೇ ಕೂಗುತ್ತ ಒಳಗೆ ಓಡಿ, ಬಚ್ಚಲಿನ ಬಕೆಟ್ ಎತ್ತಿಕೊಂಡು ಹೊರಗೆ ಬಂದೆ. ಮನೆಯ ಒಡತಿ ಬಾಗಿಲಲ್ಲಿ ನಿಂತು ನಗುತ್ತಿದ್ದರು. ನಕ್ಕು, ಹಗ್ಗದ ಮೇಲೆ ಒಣಹಾಕಿದ್ದ ಬಿಳಿ ಬಟ್ಟೆಗಳನ್ನು ತೆಗೆಯಲು ಹೋದರು.

ನಾನು ಮೂಡಲಗಿ ಹತ್ತಿರದ ಕುಲಗೋಡದವಳು. ನಮ್ಮ ಮನೆಯಲ್ಲೂ ಕಬ್ಬೇ. ನಮ್ಮಲ್ಲಿ ಕಬ್ಬನ್ನು ಹಸಿರಾಗಿಯೇ ಕಡಿಯುತ್ತಾರೆ. ತುದಿಯ ಹಸಿ ಸೋಗೆ ಎಮ್ಮೆಗೆ. ಕಬ್ಬು ಹೋದ ಮೇಲೆ ಹೊಲದಲ್ಲಿ ಉಳಿದ ಒಣ ಎಲೆಗೆ, ರವದಿಗೆ, ಮಾತ್ರ ಬೆಂಕಿ. ನಿಂತ ಬೆಳೆಗೆ ಬೆಂಕಿ ಇಟ್ಟರೆ ಅದು ಹಗೆ. ಹುಕ್ಕೇರಿಯಲ್ಲಿ ನನ್ನ ಸೋದರಮಾವನ ಕಬ್ಬಿಗೆ ದಾಯಾದಿಗಳು ಹಾಗೆ ಬೆಂಕಿ ಇಟ್ಟಿದ್ದರು. ಮರುದಿನ ಮಾವ ಅವರಲ್ಲೊಬ್ಬನ ಮೊಣಕಾಲನ್ನು ಸಲಿಕೆಯ ಕಾವಿನಿಂದ ಮುರಿದರು. ಆತ ಇವತ್ತಿಗೂ ಕುಂಟುತ್ತಾನೆ. ಆದರೆ ಮೆಕ್ಸಿಕೋದ ಆ ಊರಿನಲ್ಲಿ ಇದು ದಿನದ ಕೆಲಸ. ಎಲೆ ಸುಟ್ಟು, ಹಾವು ಓಡಿಸಿ, ಆಮೇಲೆ ಕಡಿಯುತ್ತಾರೆ. ಕಬ್ಬಿನ ಸುಗ್ಗಿಗೆ ಅವರು 'ಸಾಫ್ರಾ' ಎನ್ನುತ್ತಾರೆ, ಉದುರುವ ಮಸಿಗೆ 'ತಿಸ್ನೆ'.

ನಾನು ಅಲ್ಲಿಗೆ ಹೋದದ್ದು ಸ್ಪ್ಯಾನಿಷ್ ಕಲಿಯಲು. ಗೋಕಾಕದಲ್ಲಿ ಪಿಯುಸಿ ಓದುವಾಗ ವಿದ್ಯಾರ್ಥಿ ವಿನಿಮಯದ ಒಂದು ಯೋಜನೆಗೆ ಆಯ್ಕೆಯಾದೆ. ಹತ್ತು ತಿಂಗಳು ಅಲ್ಲಿನ ಒಂದು ಮನೆಯಲ್ಲಿದ್ದು, ಅಲ್ಲಿನ ಶಾಲೆಗೆ ಹೋಗಿ, ಅವರ ಮಾತನ್ನು ಅವರ ನಡುವೆಯೇ ಕಲಿಯಬೇಕು. ಊರಿಗೆ ಫೋನ್ ವಾರಕ್ಕೊಮ್ಮೆ, ಭಾನುವಾರ ಮಾತ್ರ. ನನಗಾಗ ಹದಿನೇಳು.

"ಇಂಗ್ಲಿಷ ಬರೋಬ್ಬರಿ ಬರೂದಿಲ್ಲ, ಸ್ಪ್ಯಾನಿಷ ಕಲಿಯಾಕ ಹೊಂಟಾಳ ನೋಡ್ರಿ ರಾಣಿ," ಎಂದು ಅಪ್ಪ ನಕ್ಕಿದ್ದ. ಆಮೇಲೆ ಒಪ್ಪಿಗೆಯ ಕಾಗದಕ್ಕೆ ಸಹಿ ಮಾಡಿದ್ದ.

ಹೋಗಿ ಇಳಿದ ದಿನ ಕುರ್ಚಿಯಲ್ಲಿ ಕುಳಿತು ಕಾದೆ. ನಮ್ಮ ಕಡೆ ಯಾರು ಬಂದರೂ ಮೊದಲು ತಂಬಿಗೆಯಲ್ಲಿ ನೀರು, ಆಮೇಲೆ ಮಾತು. ಅಲ್ಲಿ ಅಪ್ಪಿಕೊಂಡರು, ಕೆನ್ನೆಗೆ ಕೆನ್ನೆ ತಾಗಿಸಿದರು, ಕೋಣೆ ತೋರಿಸಿದರು. ನೀರು ಬರಲಿಲ್ಲ. ಕೇಳಲು ನಾಚಿಕೆ, ಕೇಳುವ ಪದವೂ ಗೊತ್ತಿಲ್ಲ. ಕೊನೆಗೆ ಚೀಲದಿಂದ ಪುಸ್ತಕ ತೆಗೆದು ಹುಡುಕಿದೆ. 'ಆಗ್ವಾ.' ನಾನು ಅಲ್ಲಿ ಬಾಯಿಬಿಟ್ಟು ಆಡಿದ ಮೊದಲ ಪದ ಅದು. ಒಡತಿ ಹಣೆ ಚಚ್ಚಿಕೊಂಡು ಅಡುಗೆಮನೆಯ ಕ್ಯಾನಿನಿಂದ ಬಾಟಲಿ ತುಂಬಿ ಕೊಟ್ಟರು. ನಲ್ಲಿಯ ನೀರು ಕುಡಿಯಬಾರದು ಎಂದು ಹೊಟ್ಟೆ ಹಿಡಿದು ನರಳುವಂತೆ ನಟಿಸಿ ತೋರಿಸಿದರು. ಅವತ್ತಿನಿಂದ ಆ ಬಾಟಲಿ ನನ್ನ ಕೈಯಲ್ಲಿ.

ಅವರ ಹೆಸರು ಲೂಪೆ. ಎಲ್ಲರೂ 'ದೋನ್ಯಾ ಲೂಪೆ' ಎನ್ನುತ್ತಿದ್ದರು. ನಮ್ಮಲ್ಲಿ 'ಅವ್ವಾರ' ಎಂದಂತೆ, ಗೌರವದ ಮಾತು. ಶಾಲೆಯ ಸಮವಸ್ತ್ರ ಹೊಲಿಯುವವರು. ಮಾಂಸ ಬೇಡ ಎಂದು ನಾನು ಕೈ ಅಲ್ಲಾಡಿಸಿದರೆ ಕೋಳಿ ಬಡಿಸುತ್ತಿದ್ದರು. ಅವರ ಪಾಲಿಗೆ ಕೋಳಿ ಮಾಂಸವಲ್ಲ. ಬೇಯಿಸಿದ ಕರಿ ಅವರೆಯಂಥ ಕಾಳು ಮತ್ತು ಟೋರ್ಟಿಯಾದಲ್ಲಿ ನಾನು ದಿನ ಕಳೆದೆ. ಟೋರ್ಟಿಯಾ ಎಂದರೆ ಗೋವಿನಜೋಳದ ತೆಳು ರೊಟ್ಟಿ. ಮನೆಯಲ್ಲಿ ಬಡಿಯುವುದಿಲ್ಲ, ಬೀದಿಯ ಅಂಗಡಿಯಲ್ಲಿ ಯಂತ್ರ ಉದುರಿಸುತ್ತದೆ, ಹೆಂಗಸರು ಮಧ್ಯಾಹ್ನ ಕಸೂತಿ ಹಾಕಿದ ದಪ್ಪ ಬಟ್ಟೆ ಹಿಡಿದು ಸಾಲಿನಲ್ಲಿ ನಿಂತು, ಅದರಲ್ಲಿ ಸುತ್ತಿಕೊಂಡು ಒಯ್ಯುತ್ತಾರೆ. ಊರಿನ ನೆನಪು ನನ್ನನ್ನು ಹಿಡಿದದ್ದು ರೊಟ್ಟಿಯ ರುಚಿಗಲ್ಲ, ಬಡಿಯುವ ಸದ್ದಿಗೆ. ಮುಂಜಾನೆ ಎಚ್ಚರವಾದಾಗ ಆ ಸದ್ದಿಲ್ಲದೆ ಎಲ್ಲಿದ್ದೇನೆಂದು ತಿಳಿಯುತ್ತಿರಲಿಲ್ಲ.

ಟೋರ್ಟಿಯಾ ತರುವ ಕೆಲಸ ನನ್ನದಾಯಿತು. ಅಂಗಡಿಯವಳು ನನ್ನನ್ನು ಕಂಡರೆ, "ಹಿಂದೂ ಬಂದಳು, ಇವತ್ತಾದರೂ ಬಾಯಿ ಬಿಡುತ್ತಾಳೋ?" ಎಂದು ಸಾಲನ್ನು ನಗಿಸುತ್ತಿದ್ದಳು. ಅಲ್ಲಿ ಭಾರತದವರೆಲ್ಲ 'ಹಿಂದೂ'ಗಳೇ. ಆರನೆಯ ವಾರ, "ಒಂದು ಕಿಲೋ, ದಯವಿಟ್ಟು. ಬಿಸಿಯಾಗಿರಲಿ," ಎಂದು ಅವರ ಮಾತಿನಲ್ಲಿ ಹೇಳಿದೆ. ಸಾಲಿನ ಹೆಂಗಸರು ಚಪ್ಪಾಳೆ ತಟ್ಟಿದರು.

ಎಂಟನೆಯ ವಾರ ಅದು ನಡೆಯಿತು. ಇದನ್ನು ನಾನು ಇದ್ದದ್ದು ಇದ್ದಂತೆ ಬರೆಯಬೇಕು. ಸಾಲಿನಲ್ಲಿ ನಾನು ನಾಲ್ಕನೆಯವಳು. ಬಿಸಿಲು ನೆತ್ತಿಯ ಮೇಲಿತ್ತು. ಎಡಗೈಯಲ್ಲಿ ಮಡಚಿದ ಬಟ್ಟೆ, ಬಲಗೈಯಲ್ಲಿ ಬಾಟಲಿ.

ಬೀದಿಗೆ ಬಂದು ನಿಂತ ಲಾರಿಯಿಂದ ಇಬ್ಬರು ಕಬ್ಬು ಕಡಿಯುವವರು ಇಳಿದರು. ಇಬ್ಬರ ಮುಖವೂ ಮಸಿಯಿಂದ ಕಪ್ಪು. ಮಾತು ಏರಿತು, ನನಗೆ ಒಂದೂ ತಿಳಿಯಲಿಲ್ಲ. ಒಬ್ಬ ಇನ್ನೊಬ್ಬನ ಎದೆಗೆ ಕೈ ಹಾಕಿ ನೂಕಿದ. ನೂಕಿಸಿಕೊಂಡವನ ಟೋಪಿ ಬಿತ್ತು. ಅವನು ಬಗ್ಗಿ ಟೋಪಿ ಎತ್ತಿ ತಲೆಗೆ ಇಟ್ಟುಕೊಂಡ. ಆಮೇಲೆ ಕಬ್ಬಿನ ಕತ್ತಿ ಬೀಸಿದ. ಮೊದಲ ಏಟು ಅಡ್ಡ ಬಂದ ಮುಂಗೈಗೆ. ಎರಡನೆಯದು ಪಕ್ಕೆಲುಬಿನ ಕೆಳಗೆ, ಹೊಟ್ಟೆಗೆ ಅಡ್ಡಲಾಗಿ. ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದ ಸದ್ದು ಬಂತು. ಹೊಡೆದವನು ಕತ್ತಿಯನ್ನು ನೆಲದ ಮೇಲೆ ಮೆಲ್ಲಗೆ ಇಟ್ಟು, ಓಡಿದ.

ನಮ್ಮೂರಾಗಿದ್ದರೆ ನೂಕಾಟ ಶುರುವಾಗುವಾಗಲೇ ಬಿಡಿಸಲು ಹತ್ತು ಜನ ಬೀಳುತ್ತಿದ್ದರು. ಅಲ್ಲಿ ಸಾಲು ಒಳಗೆ ಸರಿಯಿತು, ಅಂಗಡಿಯ ಶಟರ್ ಕೆಳಗಿಳಿಯಿತು. ನಾನು ಹೊರಗೆ ಉಳಿದೆ.

ಏಟು ತಿಂದವನು ಗೋಡೆಗೆ ಬೆನ್ನು ಕೊಟ್ಟು ಜಾರಿ ಕುಳಿತ. ಎರಡೂ ಕೈಯಲ್ಲಿ ಹೊಟ್ಟೆ ಹಿಡಿದಿದ್ದ. ಬೆರಳುಗಳ ನಡುವೆ ನಸುಬಿಳಿಯ ಏನೋ ಉಬ್ಬಿ ಬರುತ್ತಿತ್ತು. ನನ್ನ ಕೈಯ ಬಾಟಲಿ ನೋಡಿದ. "ದಾಮೆ ಆಗ್ವಾ," ಎಂದ. ನೀರು ಕೊಡು. ಅಪರಿಚಿತನೊಬ್ಬ ನನಗೆ ಹೇಳಿದ್ದು, ಒಂದಕ್ಷರವೂ ಬಿಡದೆ ನನಗೆ ತಿಳಿದದ್ದು, ಅದೇ ಮೊದಲು.

ಬಟ್ಟೆಯನ್ನು ಕಂಕುಳಲ್ಲಿ ಇಟ್ಟುಕೊಂಡೆ. ಎಡಗೈಯನ್ನು ಅವನ ಕತ್ತಿನ ಹಿಂದೆ ಕೊಟ್ಟು ನೀರು ಕುಡಿಸಿದೆ. ಬಿದ್ದವನಿಗೆ ನಮ್ಮಲ್ಲಿ ಮಾಡುವುದು ಅದನ್ನೇ, ಕಲಿಸಬೇಕಿಲ್ಲ. ಒಂದು ಗುಟುಕು. ಎರಡು ಗುಟುಕು. ಮೂರನೆಯದಕ್ಕೆ ಕೆಮ್ಮಿದ. ಮೂಗಿನಿಂದ ನೀರು ಬಂತು, ನೀರಿನ ಜೊತೆ ರಕ್ತ. ಕೆಮ್ಮಿದಂತೆಲ್ಲ ಅವನ ಕೈಯ ಕೆಳಗೆ ಗಾಯ ಬಾಯಿ ತೆರೆಯಿತು. ನನ್ನ ಮಣಿಕಟ್ಟು ಹಿಡಿದ. ಹಿಡಿತ ಸಡಿಲಾದದ್ದು ಯಾವಾಗ ಎಂದು ನನಗೆ ಗೊತ್ತಾಗಲಿಲ್ಲ.

ಆಂಬುಲೆನ್ಸಿನಿಂದ ಇಳಿದ ಹೆಂಗಸು ನನ್ನ ಬಾಟಲಿ ಕಿತ್ತು ರಸ್ತೆಗೆ ಎಸೆದಳು, ಏನೋ ಕಿರುಚಿದಳು. ಕಂಕುಳಲ್ಲಿದ್ದ ಬಟ್ಟೆ ಎಳೆದುಕೊಂಡು ಗಾಯಕ್ಕೆ ಇಟ್ಟು ಒತ್ತಿದಳು. ಅಷ್ಟು ಹೊತ್ತೂ ಅದು ನನ್ನಲ್ಲೇ ಇತ್ತು, ಮಡಿಕೆ ಬಿಚ್ಚದೆ. ಆತ ಆಸ್ಪತ್ರೆ ಮುಟ್ಟಲಿಲ್ಲ.

ಭಾನುವಾರ ಅವ್ವನಿಗೆ ಹೇಳಿದೆ.

"ನೀರ ಕುಡಿಸಿದೇನ? ಛಲೋ ಮಾಡಿದಿ," ಎಂದಳು ಅವ್ವ. "ಹೋಗೂ ಜೀವಕ್ಕ ನೀರ ಹಾಕಿದಿ. ಅದಕ್ಕಿಂತ ಪುಣ್ಯಾ ಏನೈತಿ?"

"ನನ್ನ ನೀರಿನಿಂದನ ಸತ್ತಿದ್ರ, ಅವ್ವಾ?"

"ಏ ಹುಚ್ಚಿ, ನೀರ ಕುಡದ ಯಾರರ ಸಾಯ್ತಾರೇನ? ಸಾಕ ಆ ಸ್ಪ್ಯಾನಿಷು, ಬಂದಬಿಡ ನೀ."

ನಾನು ಬರಲಿಲ್ಲ. ನನ್ನ ಪ್ರಶ್ನೆಗೆ ಉತ್ತರ ಅಲ್ಲಿತ್ತು, ಅದನ್ನು ಕೇಳಲು ಆ ಭಾಷೆಯೇ ಬೇಕಿತ್ತು. ಜೊತೆಯ ಹುಡುಗಿಯರು ಹಾಡು, ಹುಡುಗರು, ಸಿನಿಮಾ ಎಂದು ಮಾತು ಕಲಿಸಲು ಬಂದರೆ ನಾನು ಕರುಳು, ಶ್ವಾಸಕೋಶ, ನುಂಗು, ಉಸಿರುಕಟ್ಟು, ತಪ್ಪು ಎಂಬ ಪದಗಳನ್ನು ಕಲಿತೆ. ಕ್ರಿಯಾಪದಗಳ ಕಾಲಗಳಲ್ಲಿ ನನಗೆ ಬೇಕಿದ್ದದ್ದು ಒಂದೇ: ನಾನು ಕೊಡದೆ ಇದ್ದಿದ್ದರೆ. ಮೂರು ತಿಂಗಳಾದ ಮೇಲೆ ಅಲ್ಲಿನ ದವಾಖಾನೆಗೆ ಒಬ್ಬಳೇ ಹೋಗಿ, ವಯಸ್ಸಾದ ನರ್ಸ್ ಒಬ್ಬರ ಮುಂದೆ ನಿಂತು, ತಡವರಿಸದೆ ಕೇಳಿದೆ.

ಅವರು ಪೆನ್ನು ಕೆಳಗಿಟ್ಟರು. "ಕರುಳು ತುಂಡಾಗಿತ್ತು ಎಂದು ಕೇಳಿದ್ದೇನೆ. ನೀರಿಲ್ಲದೆಯೂ ಸಾಯುತ್ತಿದ್ದ, ಬಹುಶಃ."

"ಬಹುಶಃ?"

"ನಾನು ಅಲ್ಲಿರಲಿಲ್ಲ, ಮಗಳೇ. ಇನ್ನೊಮ್ಮೆ ಹೀಗಾದರೆ ಬಾಯಿಗೆ ಏನೂ ಹಾಕಬೇಡ. ಬಟ್ಟೆ ಇಟ್ಟು ಒತ್ತು. ಅವನು ಬೈದರೂ ಬಿಡಬೇಡ."

ನನ್ನ ಎರಡು ಅಂಗೈಗಳನ್ನು ಒಂದರ ಮೇಲೊಂದು ಮೇಜಿನ ಮೇಲೆ ಇಡಿಸಿ, ಮೊಣಕೈ ಮಡಚದಂತೆ ಒತ್ತಿಸಿದರು. ನಾನು ಅಳುತ್ತಿದ್ದರೂ, ಸಾಕು ಎನ್ನುವ ತನಕ ಒತ್ತಿಸಿದರು.

ಹತ್ತು ತಿಂಗಳು ತುಂಬಿ ಊರಿಗೆ ಬಂದಾಗ ನಮ್ಮಲ್ಲಿ ಕಬ್ಬಿನ ಹಂಗಾಮು. ಬಂದು ಹನ್ನೆರಡು ದಿನವಾಗಿತ್ತು. ಅಪ್ಪನ ಬೈಕಿನಲ್ಲಿ ಗೋಕಾಕದಿಂದ ಬರುತ್ತಿದ್ದೆ. ಕಲ್ಲೋಳಿ ಹತ್ತಿರ ನಮ್ಮ ಮುಂದೆ ಹೋಗುತ್ತಿದ್ದ ಬೈಕಿನವನು, ಕಬ್ಬು ತುಂಬಿದ ಟ್ರಾಲಿ ಒಮ್ಮೆಲೇ ನಿಂತದ್ದಕ್ಕೆ, ಅದರ ಹಿಂದಿನ ಕಬ್ಬಿಣಕ್ಕೆ ಹೋಗಿ ಬಡಿದ. ಹೊಟ್ಟೆ ಸೀಳಿತು. ಮೇಲವಂಕಿಯ ಬಸು ಎಂದು ಆಮೇಲೆ ತಿಳಿಯಿತು. ನನಗಿಂತ ನಾಲ್ಕೈದು ವರ್ಷ ದೊಡ್ಡವನು.

ನಾಲ್ಕೂ ಕಡೆಯಿಂದ ಜನ ಓಡಿ ಬಂದರು. ಚಹಾದಂಗಡಿಯ ಮುದುಕ ತಂಬಿಗೆ ತುಂಬ ನೀರು ಹಿಡಿದು ಬಂದ. ಬಸು ನನ್ನ ಮುಖ ನೋಡಿ, "ನೀರ... ಯವ್ವಾ, ನೀರ ಕುಡಸ," ಎಂದ.

ನಾನು ತಂಬಿಗೆಯನ್ನು ದೂಡಿದೆ. ನೀರು ರಸ್ತೆಗೆ ಚೆಲ್ಲಿತು. ಹೆಗಲ ಮೇಲಿನ ವೇಲ್ ಮಡಚಿ ಗಾಯಕ್ಕೆ ಇಟ್ಟು, ಮೊಣಕೈ ಮಡಚದೆ ಒತ್ತಿದೆ.

"ಬಾಯಿಗೆ ನೀರ ಹಾಕಬ್ಯಾಡ್ರಿ! ಸಾಯ್ತಾನ!"

"ಯಾರ ಮಗಳಲೇ ಇಕಿ?" ಮುದುಕ ಕೂಗಿದ. "ಸಾಯೂ ಹೊತ್ತಿನ್ಯಾಗ ಒಂದ ಗುಟುಕ ನೀರ ಬ್ಯಾಡ ಅಂತಾಳಲ್ಲ!"

"ನನ್ನ ಮಗಳರಿ ಕಾಕಾ," ಎಂದ ಅಪ್ಪ, ಬಹಳ ಸಣ್ಣ ದನಿಯಲ್ಲಿ. "ಪರದೇಶದಾಗ ಇದ್ದ ಬಂದಾಳ್ರಿ."

"ಹಂಗಾರ ಅಲ್ಲೇ ಇರಬೇಕಿತ್ತ!"

ಯಾರೋ ನನ್ನ ಜಡೆ ಹಿಡಿದು ಹಿಂದಕ್ಕೆ ಜಗ್ಗಿದರು. ಇನ್ಯಾರೋ ಭುಜಕ್ಕೆ ಒದ್ದರು. ಕೈ ಬಿಡಲಿಲ್ಲ. ಆಸ್ಪತ್ರೆಗೆ ಒಯ್ಯಲು ಜೀಪು ಬರುವ ತನಕ ಬಸು ಹನ್ನೊಂದು ಸಲ ನೀರು ಕೇಳಿದ. ನಾನು ಎಣಿಸಿದ್ದೇನೆ. ಕೊನೆಯ ಸಲ ಕೇಳಿ, "ನಿನ್ನ ಹೆಣಾ ಎತ್ತಲಿ," ಎಂದು ನನ್ನ ಕೈ ಪರಚಿದ.

ಬಸು ಬದುಕಿದ. ಆದರೂ ಈ ಕಡೆಯ ಹಳ್ಳಿಗಳಲ್ಲಿ ನನಗೆ 'ನೀರ ಕೊಡದಾಕಿ' ಎಂಬ ಹೆಸರು ಉಳಿದಿದೆ. ದೋನ್ಯಾ ಲೂಪೆ ಫೋನಿನಲ್ಲಿ ಹೇಳುತ್ತಾರೆ, ಟೋರ್ಟಿಯಾ ಸಾಲಿನ ಹೆಂಗಸರು ನನ್ನನ್ನು ಈಗಲೂ 'ನೀರು ಕುಡಿಸಿದವಳು' ಎಂದೇ ಕರೆಯುತ್ತಾರಂತೆ. ಅಲ್ಲಿ ಯಾರಿಗೂ, ಇಲ್ಲಿ ಯಾರಿಗೂ ನನ್ನ ಹೆಸರು ಬೇಕಾಗಿಲ್ಲ.

ಒಂದು ತಿಂಗಳ ಮೇಲೆ ಅಪ್ಪ ನನ್ನನ್ನು ಮೇಲವಂಕಿಗೆ ಕರೆದೊಯ್ದ. ಬಸು ಹೊರಸಿನ ಮೇಲೆ ಮಲಗಿದ್ದ. ಅವನ ತಾಯಿ ಚಾಪೆ ಹಾಸಿದಳು. ಕುಳಿತೆವು. ನೀರು ಬರಲಿಲ್ಲ. ಅಪ್ಪ ನೆಲ ನೋಡುತ್ತ ಕುಳಿತ.

"ಮಗಾ ನೀರ ನೀರ ಅಂದ್ರ ನೀ ತಂಬಿಗಿ ದೂಡಿದೆಂತ," ಎಂದಳು ಆಕೆ.

"ಹೌದ್ರಿ."

"ಅವ್ವಾ," ಎಂದ ಬಸು ಹೊರಸಿನಿಂದ, "ಡಾಕ್ಟರ್ ಏನಂದಾರ? ಆಕಿ ಒತ್ತಿ ಹಿಡದಿದ್ದಕ್ಕ..."

"ಡಾಕ್ಟರ್ ಅಂದದ್ದ ನಾನೂ ಕೇಳೇನಿ. ನೀ ಸುಮ್ಮನ ಮಲಕೋ."

ಆಕೆ ಒಳಗೆ ಹೋದಳು. ಕೊಡದ ಮುಚ್ಚಳ ತೆಗೆದ ಸದ್ದಾಯಿತು. ಬಹಳ ಹೊತ್ತಿನ ಮೇಲೆ ತಂಬಿಗೆ ಹಿಡಿದು ಬಂದು, ಅಪ್ಪನನ್ನು ದಾಟಿ ನನ್ನ ಮುಂದೆ ನಿಂತಳು.

"ನನ್ನ ಮಗಗ ನೀ ಕೊಡಲಿಲ್ಲ. ನಿನಗ ನಾ ಕೊಡಾಕತ್ತೇನಿ. ಕುಡಿ."

ತಂಬಿಗೆ ಎತ್ತಿ, ತುಟಿಗೆ ತಾಗದಂತೆ ಸುರಿದುಕೊಂಡೆ. ಒಂದು ಗುಟುಕು. ಎರಡು ಗುಟುಕು. ಮೂರನೆಯದಕ್ಕೆ ತಂಬಿಗೆ ಕೆಳಗಿಳಿಸಿದೆ. ಬಸು ನನ್ನ ಗಂಟಲನ್ನೇ ನೋಡುತ್ತಿದ್ದ.

"ಯಾಕ, ಇಳೀವಲ್ದೇನ?" ಎಂದಳು ಅವನ ತಾಯಿ.

"ಇಳೀತೈತ್ರಿ," ಎಂದು ಉಳಿದದ್ದನ್ನು ಕುಡಿಯತೊಡಗಿದೆ. ತಂಬಿಗೆ ಬರಿದಾಗುವ ತನಕ ಆಕೆ ಅಲ್ಲೇ ನಿಂತಿದ್ದಳು.