ಅನುರಾಧಾ ಅವರು ಕೇಳಿದ ಪ್ರಶ್ನೆ

ಕಾಯ್ದೆಯ ಪುಸ್ತಕದಲ್ಲಿ ಹಕ್ಕು ಇರುವುದು ಬೇರೆ, ಅದು ಓಣಿಯವರೆಗೆ ನಡೆದು ಬರುವುದು ಬೇರೆ. ಸುರಪುರದಲ್ಲಿ ವಕೀಲಿ ಆರಂಭಿಸಿ, ಶಹಾಪುರದ ನ್ಯಾಯಾಲಯದಲ್ಲಿ ಪಳಗಿ, ಯಾದಗಿರಿಯಲ್ಲಿ ದೌರ್ಜನ್ಯ ಪ್ರಕರಣಗಳ ಸರ್ಕಾರಿ ಅಭಿಯೋಜಕರಾಗಿ ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀಮತಿ ಅನುರಾಧಾ ಅವರು ಆ ದಾರಿಯಲ್ಲಿ ಸವೆಸಿದ ಚಪ್ಪಲಿಗಳಿಗೆ ಲೆಕ್ಕವಿಲ್ಲ. ಗೆದ್ದದ್ದು ಕಡಿಮೆ. ಅಭಿನಂದನ ಗ್ರಂಥದಲ್ಲಿ ಇದನ್ನೆಲ್ಲ ಬರೆಯಬಾರದು ಎನ್ನುವವರಿದ್ದಾರೆ. ಸುಳ್ಳು ಹೊಗಳಿಕೆ ಅವರಿಗೆ ಸೇರುವುದಿಲ್ಲವಾದ್ದರಿಂದ ಬರೆಯಲೇಬೇಕಾಗಿದೆ.

ದೇವಾಪುರದಾಚೆಯ ಹಳ್ಳಿಯೊಂದರಲ್ಲಿ ಕೂಲಿ ಮಾಡುವ, ದಲಿತರ ಓಣಿಯ ಕರೆಮ್ಮ ಹೋಟೆಲಿನ ಬೆಂಚಿನ ಮೇಲೆ ಕುಳಿತು ಚಹಾ ಕೇಳಿದರು. ಅಷ್ಟೇ. ಸಂಜೆಗೆ ಹಲಗೆ ಬಾರಿಸಿಕೊಂಡು ಡಂಗುರ ಬಂತು: ಅವರ ಓಣಿಯವರಿಗೆ ಇನ್ನು ಕೂಲಿ ಇಲ್ಲ, ಕಿರಾಣಿ ಇಲ್ಲ, ಗಿರಣಿಯಲ್ಲಿ ಜೋಳ ಬೀಸುವುದಿಲ್ಲ. ಸಾರಿದವರು ಅದೇ ಓಣಿಯ ಮರಿಲಿಂಗಪ್ಪ. ಹಲಗೆ ಆ ಮನೆತನದ ಚಾಕರಿ. ಓಣಿಯವರು ಸಿಟ್ಟಿನ ಭರದಲ್ಲಿ ಪೊಲೀಸರಿಗೆ ಮರಿಲಿಂಗಪ್ಪನವರ ಹೆಸರನ್ನಷ್ಟೇ ಕೊಟ್ಟರು. ಊರ ಹಿರಿಯರು ಒಳಗೊಳಗೇ ನಕ್ಕರು.

ಅನುರಾಧಾ ಅವರು ಕರೆಮ್ಮನವರ ಮನೆಗೆ ಹೋದಾಗ ಒಲೆಯ ಮೇಲೆ ಜೋಳದ ನುಚ್ಚು ಕುದಿಯುತ್ತಿತ್ತು.

“ಹಿಟ್ಟಿಲ್ರಿ ಅಕ್ಕಾರ. ನನಗ ಕೇಸ್ ಗೆಲ್ಲೂದು ಬ್ಯಾಡ. ನನ್ನ ಊರಾಗ ನಾ ಇದ್ರ ಸಾಕ್ರಿ,” ಎಂದರು ಕರೆಮ್ಮ.

ಇವರು ಯಾವ ಭರವಸೆಯನ್ನೂ ಕೊಡಲಿಲ್ಲ. ಜೋಳದ ಚೀಲವನ್ನು ತಮ್ಮ ಗಾಡಿಯಲ್ಲಿ ಹಾಕಿಕೊಂಡು ಹೋಗಿ ಸುರಪುರದಲ್ಲಿ ಬೀಸಿಸಿ ತಂದರು. ಊರ ಹಿರಿಯರ ಮೇಲೆ ಪ್ರಕರಣ ಹೂಡಿಸಿ, ಮರಿಲಿಂಗಪ್ಪನವರನ್ನು ಆರೋಪಿಯಲ್ಲ, ಸಾಕ್ಷಿಯೆಂದು ನಿಲ್ಲಿಸಿದವರೂ ಇವರೇ.

ಮರಿಲಿಂಗಪ್ಪ ಕಟಕಟೆ ಹತ್ತಿದರು. ಅವರವನೇ ಸಾರಿದರೆ ಊರೇನು ಮಾಡೀತು ಎಂಬುದು ಎದುರು ವಕೀಲರ ವಾದ. ಅನುರಾಧಾ ಅವರು ದನಿ ಏರಿಸದೆ ಕೇಳಿದರು: “ಹಲಗಿ ಬಾರಸಂತ ನಿಮಗ ಯಾರು ಹೇಳಿದ್ರು?”



“ಗೌಡ್ರು ಹೇಳಿದ್ರಿ. ನನ್ನ ಮನಿ ಮುಂದನೂ ನಾನೇ ಸಾರೀನ್ರಿ. ನನ್ನ ಹೆಂಡ್ತಿ ಬಾಗಲ್ದಾಗ ನಿಂತು ಕೇಳ್ಯಾಳ್ರಿ.”

ಗೌಡರಿಗೆ ಶಿಕ್ಷೆಯಾಯಿತು, ಅಪೀಲಾಯಿತು, ಜಾಮೀನೂ ಆಯಿತು. ಅವರು ಊರಲ್ಲೇ ಇದ್ದಾರೆ. ಸತ್ಯ ನುಡಿದ ಮರಿಲಿಂಗಪ್ಪ ಊರು ಬಿಟ್ಟು ಯಾದಗಿರಿಯಲ್ಲಿ ಹಮಾಲಿ ಮಾಡುತ್ತಿದ್ದಾರೆ. ಕರೆಮ್ಮ ಊರು ಬಿಡಲಿಲ್ಲ. ಗಿರಣಿಯಲ್ಲಿ ಅವರ ಜೋಳವನ್ನೂ ಬೀಸುತ್ತಾರೆ, ಎಲ್ಲರದೂ ಮುಗಿದ ಮೇಲೆ. ನ್ಯಾಯ ಸಿಕ್ಕಿತೆಂದು ಯಾವ ಬಾಯಿಂದ ಹೇಳುವುದು?

ಕಳೆದ ವಾರ ಬೀಳ್ಕೊಡುಗೆಯ ಮೆರವಣಿಗೆಗೆಂದು ನಮ್ಮ ಅಭಿನಂದನ ಸಮಿತಿಯು ಮರಿಲಿಂಗಪ್ಪನವರನ್ನೇ ಕರೆಸಿ ಕೈಗೆ ಹಲಗೆ ಕೊಟ್ಟಿತ್ತು. ಹಾರ ಕೊರಳಿಗೆ ಬೀಳುವ ಮೊದಲೇ ಅನುರಾಧಾ ಅವರು ಕೈ ಅಡ್ಡ ಹಿಡಿದು, ನೇರ ಅವರ ಬಳಿಗೆ ಹೋದರು.

“ಹಲಗಿ ಬಾರಸಂತ ನಿಮಗ ಯಾರು ಹೇಳಿದ್ರು?”

ಮರಿಲಿಂಗಪ್ಪ ನಮ್ಮ ಕಡೆ ನೋಡಿದರು. ವಕೀಲರು, ಗುಮಾಸ್ತರು, ಈ ಗ್ರಂಥದ ಸಂಪಾದಕರು, ಎಲ್ಲರೂ ತಲೆ ತಗ್ಗಿಸಿದೆವು.

ಅನುರಾಧಾ ಅವರು ನೂರು ವರ್ಷ ಬಾಳಲಿ. ಹುದ್ದೆ ಬಿಟ್ಟರೂ ಆ ಪ್ರಶ್ನೆಯನ್ನು ಬಿಡದಿರಲಿ. ಮೊದಲು ನಮ್ಮನ್ನೇ ಕೇಳುತ್ತಿರಲಿ.