ಲೈನು ಹಚ್ಚುವ ಗುಲ್ನಾಜ್

ದಾವಣಗೆರೆಯ ಕೆ.ಬಿ. ಬಡಾವಣೆಯ ಮನೆಗಳ ಮುಂದೆ ಇನ್ನೂ ನೀರು ಚಿಮುಕಿಸುತ್ತಿದ್ದಾರೆ. ಹಾಲಿನವನ ಸೈಕಲ್ಲಿನ ಹಿಂದೆಯೇ ಬಂದ ಹಳೆಯ ಮೊಪೆಡ್ಡೊಂದು ಡಾಕ್ಟರ್ ವಿಜಯಕುಮಾರ್ ಅವರ ಗೇಟಿನ ಬಳಿ ಕೆಮ್ಮಿ ನಿಲ್ಲುತ್ತದೆ. ದುಪಟ್ಟಾವನ್ನು ತಲೆಗೆ ಬಿಗಿಯಾಗಿ ಸುತ್ತಿಕೊಂಡ ಗುಲ್ನಾಜ್ ಇಳಿದು, ಹ್ಯಾಂಡಲಿಗೆ ತೂಗುಹಾಕಿದ್ದ ರೆಕ್ಸಿನ್ ಚೀಲವನ್ನು ಬಿಚ್ಚಿಕೊಳ್ಳುತ್ತಾರೆ. ಚೀಲದಲ್ಲಿ ಒಂದು ಕೆಂಪು ಟೆಲಿಫೋನು, ಸ್ಕ್ರೂಡ್ರೈವರುಗಳು, ಒಂದು ಸುತ್ತು ತಂತಿ, ಹಲ್ಲುಜ್ಜುವ ಹಳೆಯ ಬ್ರಷ್ಷು.

ಡಾಕ್ಟರು ಕಂಪ್ಯೂಟರಿನ ಗುಂಡಿ ಒತ್ತಲು ಹೊರಟರೆ ಗುಲ್ನಾಜ್ ತಡೆಯುತ್ತಾರೆ. “ಅದನ್ನ ಈಗ್ಲೇ ಎಬ್ಬಿಸಬ್ಯಾಡ್ರಿ ಸರ್. ಮೊದ್ಲು ಲೈನ್ ಏನಂತೈತೆ ಕೇಳಣ.”

ಮನೆಗೆ ಇಂಟರ್ನೆಟ್ಟು ಬರುವುದು ಫೋನಿನ ತಂತಿಯಲ್ಲೇ. ಕಂಪ್ಯೂಟರು ಒಂದು ನಂಬರಿಗೆ ಫೋನು ಹಚ್ಚುತ್ತದೆ. ಆ ಕಡೆ ಎತ್ತಿಕೊಂಡರೆ ಸಂಪರ್ಕ. ಅಷ್ಟು ಹೊತ್ತು ಮನೆಗೆ ಬೇರೆ ಕರೆ ಬರುವಂತಿಲ್ಲ. ಹಾಗಾಗಿ ಗುಲ್ನಾಜ್ ಮೊದಲು ತಮ್ಮ ಕೆಂಪು ಫೋನನ್ನು ತಂತಿಗೆ ಸಿಕ್ಕಿಸಿ ಕಿವಿಗೆ ಹಿಡಿಯುತ್ತಾರೆ. ಡಯಲ್ ಟೋನಿನ ಜೊತೆಗೆ ಒಗ್ಗರಣೆ ಸಿಡಿದಂತೆ ಚಟಚಟ ಸದ್ದು. ವರಾಂಡದ ಗೋಡೆಯ ಮೇಲಿನ ಪುಟ್ಟ ಡಬ್ಬಿಯನ್ನು ಬಿಚ್ಚಿದರೆ ಇರುವೆಗಳು ಸಂಸಾರ ಹೂಡಿವೆ. ಒಳಗಿನ ತಿರುಪು ಹಸಿರುಗಟ್ಟಿದೆ. ಬ್ರಷ್ಷಿನಿಂದ ಉಜ್ಜಿ, ತಂತಿಯ ತುದಿಯನ್ನು ಹೊಸದಾಗಿ ಕೆತ್ತಿ, ಬಿಗಿ ಮಾಡುತ್ತಾರೆ.

ಡಾಕ್ಟರಿಗೆ ಆತುರ. ಅವರು ಪುಣೆಯ ನಿವೃತ್ತ ಮೇಷ್ಟರೊಬ್ಬರ ಜೊತೆ ಇ-ಮೇಲಿನಲ್ಲಿ ಚದುರಂಗ ಆಡುತ್ತಾರೆ, ದಿನಕ್ಕೊಂದು ನಡೆ. “ನನ್ನ ಕುದುರೆ ನಿಂತಲ್ಲೇ ನಿಂತೈತೆ ನೋಡಮ್ಮ. ಆ ಮನುಷ್ಯ ನಾನು ಹೆದರೀನಿ ಅಂತ ತಿಳ್ಕಂಡಿರ್ತಾನೆ.”

ಈಗ ಕಂಪ್ಯೂಟರು ಏಳುತ್ತದೆ. ಮೋಡೆಮ್ಮು ಕೀರಲು ದನಿಯಲ್ಲಿ ಕೂಗುತ್ತದೆ, ಗರಗರ ಅನ್ನುತ್ತದೆ, ಮಳೆ ಹೊಯ್ದಂತೆ ಸುರಿದು ಒಮ್ಮೆಗೇ ಸುಮ್ಮನಾಗುತ್ತದೆ. ಪರದೆಯ ಮೂಲೆಯಲ್ಲಿ ಎರಡು ಪುಟಾಣಿ ಕಂಪ್ಯೂಟರುಗಳ ಚಿತ್ರ ಮಿಣುಕತೊಡಗಿದಾಗ ಡಾಕ್ಟರು ಕುರ್ಚಿ ಎಳೆದುಕೊಳ್ಳುತ್ತಾರೆ. ಗುಲ್ನಾಜ್ ಆಗಲೇ ಚೀಲ ಕಟ್ಟುತ್ತಿದ್ದಾರೆ. ಬೆಳಗ್ಗೆ ಲೈನುಗಳು ಖಾಲಿ ಇರುತ್ತವೆ, ಕರೆ ಬೇಗ ಹತ್ತುತ್ತದೆ. ಆಫೀಸುಗಳು ತೆರೆಯುವುದರೊಳಗೆ ಇನ್ನೆರಡು ಮನೆ ಮುಗಿಸಬೇಕು.

ದಿನಕ್ಕೆ ಐದಾರು ಮನೆ, ಮಳೆಗಾಲದಲ್ಲಿ ಹತ್ತರ ತನಕ. ಅರ್ಧ ದಾವಣಗೆರೆಯಲ್ಲಿ, ಅರ್ಧ ಹರಿಹರದಲ್ಲಿ. ನಡುವೆ ಬಾತಿಯ ಹತ್ತಿರ ಲಾರಿಗಳ ಗಾಳಿಗೆ ಮೊಪೆಡ್ಡು ರಸ್ತೆಯಂಚಿಗೆ ವಾಲುತ್ತದೆ. “ಬಹಳಷ್ಟು ಕಡೆ ಏನೂ ಕೆಟ್ಟಿರಂಗಿಲ್ಲ. ಒಂದು ಕಡೆ ತಂತಿ ತಪ್ಪು ತೂತಿಗೆ ಹಾಕಿರ್ತಾರೆ. ಇನ್ನೊಂದು ಕಡೆ ಅಡುಗೆಮನೆ ಫೋನ್ ಸರಿಯಾಗಿ ಇಟ್ಟಿರಂಗಿಲ್ಲ. ಪಾಸ್‌ವರ್ಡ್ ದೊಡ್ಡಕ್ಷರದಾಗ ಹೊಡೆದು ಮೆಷೀನಿಗೆ ಬೈತಿರ್ತಾರೆ. ನಾನೂ ಕಲಿಯೋವಾಗ ಎಲ್ಲಾ ಮಾಡೀನಿ,” ಎಂದು ನಗುತ್ತಾರೆ.

ಗುಲ್ನಾಜ್‌ಗೆ ಈಗ ಇಪ್ಪತ್ತೇಳು. ತಂದೆ ಶಬ್ಬೀರ್ ಮಂಡಕ್ಕಿ ಭಟ್ಟಿಯಲ್ಲಿ ಮರಳು ಕಾಯಿಸಿ ಅಕ್ಕಿ ಹುರಿಯುವವರು. ಪಿಯುಸಿ ಮುಗಿಸಿದ ಮಗಳು ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತೇನೆಂದಾಗ ಬೇಡ ಅನ್ನಲಿಲ್ಲ. ತಾಯಿ ನೂರ್ಜಹಾನ್ ಮಾತ್ರ ತಿಂಗಳುಗಟ್ಟಲೆ ಮುನಿಸಿಕೊಂಡಿದ್ದರು. ಕಲಿಯುವುದು ಸರಿ, ಕಂಡವರ ಮನೆಗೆ ಚೀಲ ಹಿಡಿದು ಹೋಗುವುದು ಯಾಕೆ ಎಂಬುದು ಅವರ ತಕರಾರು. ಆದರೆ ಆ ಚೀಲಕ್ಕೇ ಬೇಡಿಕೆ ಬಂತು. ಗಂಡಸರು ಅಂಗಡಿಗೆ ಹೋದ ಮೇಲೆ ಮನೆಯಲ್ಲಿ ಹೆಂಗಸರೇ ಇರುವ ಹೊತ್ತಿನಲ್ಲಿ ಒಳಕೋಣೆಯ ತನಕ ಬಂದು ಲೈನು ನೋಡಬಲ್ಲವರು ಊರಿನಲ್ಲಿ ಬೇರೆ ಯಾರೂ ಇರಲಿಲ್ಲ.

ಅಲ್ಲ, ಇನ್ನೊಬ್ಬರಿದ್ದರು. ಗುಲ್ನಾಜ್ ಈ ಮಾತನ್ನು ತಾವಾಗಿಯೇ ತಿದ್ದುತ್ತಾರೆ. “ಈ ಕೆಲಸ ಶುರು ಮಾಡಿದ್ದು ನಾನಲ್ರಿ. ಪ್ರೇಮಲತಾ. ಗಾಡಿನೂ ಆಕೀದೇ.”

ಪ್ರೇಮಲತಾ ಹರಿಹರ ತಾಲ್ಲೂಕಿನ ಕಡರನಾಯಕನಹಳ್ಳಿಯವರು. ತಂದೆತಾಯಿ ಇಲ್ಲ, ಸಾಕಿದವರು ಚಿಕ್ಕಪ್ಪ ಸೂರಪ್ಪ. ಕಂಪ್ಯೂಟರ್ ಕ್ಲಾಸಿನಲ್ಲಿ ಇಬ್ಬರಿಗೂ ಸೇರಿ ಒಂದೇ ಮೆಷೀನು. ಹಾಗೆ ಹತ್ತಿದ ಸ್ನೇಹ ಒಂದೇ ಮೊಪೆಡ್ಡಿನ ಮೇಲೆ ಊರೆಲ್ಲ ಸುತ್ತಿತು. ಪ್ರೇಮಲತಾ ಓಡಿಸುವುದು, ಗುಲ್ನಾಜ್ ಹಿಂದೆ ಕೂತು ಚೀಲ ಹಿಡಿಯುವುದು. ಒಬ್ಬರು ಕಂಬದ ಕಡೆಯ ತಂತಿ ನೋಡಿದರೆ ಇನ್ನೊಬ್ಬರು ಒಳಗೆ ಕಿವಿಗೊಟ್ಟು “ಬಂತು” ಎಂದು ಕೂಗುವುದು. ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಪ್ರೇಮಲತಾ ಅವರಿಗೆ ಮದುವೆಯಾಯಿತು. ಗಂಡಿನ ಕಡೆಯವರು ದಾವಣಗೆರೆಯ ಬಟ್ಟೆ ಗಿರಣಿಗಳು ಮುಚ್ಚಿದಾಗ ಸೂರತ್ತಿಗೆ ಹೋಗಿ ನೆಲೆಸಿದವರು. ಹೊರಡುವ ಮುನ್ನ ಪ್ರೇಮಲತಾ ಮೊಪೆಡ್ಡಿನ ಕೀಲಿಯನ್ನು ಗುಲ್ನಾಜ್ ಕೈಯಲ್ಲಿಟ್ಟು ಹೋದರು.

“ನನಗೆ ಗಾಡಿ ಓಡಿಸಾಕೇ ಬರ್ತಿರಲಿಲ್ಲ. ಹಿಂದೆ ಕೂತು ಅಭ್ಯಾಸ,” ಅನ್ನುತ್ತಾರೆ ಗುಲ್ನಾಜ್.

ಸೂರತ್ತಿನ ಮನೆಯಲ್ಲಿ ಸೀರೆ ವ್ಯಾಪಾರದ ಲೆಕ್ಕಕ್ಕೆಂದು ಒಂದು ಕಂಪ್ಯೂಟರಿತ್ತು. ಅದನ್ನು ನೋಡಿಕೊಳ್ಳುವುದು ಪ್ರೇಮಲತಾ ಪಾಲಿಗೆ ಬಂತು. ಇಲ್ಲಿ ಗುಲ್ನಾಜ್ ಒಂದು ಮನೆಯ ಲೈನು ಸರಿಮಾಡಿದ ಕೂಡಲೇ ಆ ಮನೆಯವರ ವಿಳಾಸದಿಂದಲೇ ಪರೀಕ್ಷೆಗೆಂದು ಸೂರತ್ತಿಗೆ ಒಂದು ಮೇಲ್ ಕಳಿಸುತ್ತಿದ್ದರು: ಲೈನ್ ಸರಿ ಐತೆ, ಗುಲ್ನಾಜ್. ಉತ್ತರ ಬರುತ್ತಿದ್ದುದು ಆ ಮನೆಗೇ. ಬರುವ ಹೊತ್ತಿಗೆ ಗುಲ್ನಾಜ್ ಮುಂದಿನ ಮನೆಯಲ್ಲಿ ಇರುತ್ತಿದ್ದರು. ಹೀಗಾಗಿ ಗೆಳತಿಯ ಮಾತುಗಳು ಊರಿನ ಮನೆಮನೆಗಳಲ್ಲಿ ಚೆಲ್ಲಿಹೋಗಿದ್ದವು. ಸಂತೆಯಲ್ಲಿ ಸಿಕ್ಕವರು, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರು ನಿಲ್ಲಿಸಿ ಹೇಳುತ್ತಿದ್ದರು: “ನಿಮ್ ಗೆಳತಿ ಊಟ ಆತಾ ಅಂತ ಕೇಳ್ಯಾರ.” “ಅಲ್ಲಿ ಬಹಳ ಬಿಸಿಲಂತೆ.” “ಗಾಡಿ ಬ್ರೇಕು ಬಿಗಿ ಮಾಡಿಸ್ಬೇಕಂತೆ, ಹೇಳ್ರಿ ಅಂದಾರ.”

ಕಳೆದ ಬೇಸಿಗೆಯಲ್ಲಿ ಉತ್ತರಗಳು ನಿಂತವು. ಗುಲ್ನಾಜ್ ಪ್ರತಿ ಮನೆಯಿಂದಲೂ ಮೇಲ್ ಕಳಿಸುತ್ತಲೇ ಇದ್ದರು. ಒಂದು ದಿನ ಡಾಕ್ಟರ್ ವಿಜಯಕುಮಾರ್ ಅವರ ಪೆಟ್ಟಿಗೆಗೆ, ಕಳಿಸಿದ ಮೇಲ್ ಹಾಗೇ ವಾಪಸ್ಸು ಬಂತು. ಆ ಕಡೆಯ ಅಂಚೆಪೆಟ್ಟಿಗೆ ತುಂಬಿಹೋಗಿದೆ, ಇನ್ನು ಹಿಡಿಸುವುದಿಲ್ಲ ಎಂಬ ಒಕ್ಕಣೆಯೊಂದಿಗೆ. “ತುಂಬಿಸಿದ್ದು ನಾನೇ ಅಲ್ರೀ. ಲೈನ್ ಸರಿ ಐತೆ, ಲೈನ್ ಸರಿ ಐತೆ ಅಂತ. ತೆಗೆದು ಓದೋರು ಯಾರೂ ಇಲ್ಲ ಅಂತ ಅವತ್ತು ಗೊತ್ತಾತು,” ಅನ್ನುವಾಗ ಗುಲ್ನಾಜ್ ಗೋಡೆಯ ಕಡೆ ನೋಡುತ್ತಾರೆ.

ಸೂರತ್ತಿನ ವಿಳಾಸಕ್ಕೆ ಕಾಗದ ಬರೆದರು, ಉತ್ತರವಿಲ್ಲ. ಕಡರನಾಯಕನಹಳ್ಳಿಗೆ ಹೋಗಿ ಸೂರಪ್ಪನವರನ್ನು ಕೇಳಿದರು. ಅವರು ಕಣದಲ್ಲಿ ಭತ್ತ ತೂರುತ್ತಲೇ ಹೇಳಿದರು: “ಸುದ್ದಿ ಇಲ್ಲ ಅಂದ್ರೆ ಚೆನ್ನಾಗಿ ಅದಾಳೆ ಅಂತ ತಿಳ್ಕಳವ್ವ. ಕೆಟ್ಟ ಸುದ್ದಿ ಆದ್ರೆ ತಾನಾಗೇ ಬರ್ತದೆ.” ಗುಲ್ನಾಜ್‌ಗೆ ಅದರಿಂದ ಸಮಾಧಾನವಾಗಲಿಲ್ಲ. ವಾಪಸ್ಸು ಬರುವಾಗ ಹರಿಹರದ ಸೇತುವೆಯ ಮೇಲೆ ಗಾಡಿ ನಿಲ್ಲಿಸಿ ತುಂಗಭದ್ರೆಯನ್ನು ನೋಡುತ್ತ ಬಹಳ ಹೊತ್ತು ನಿಂತಿದ್ದರಂತೆ.

ಯಾವ ಗಿರಾಕಿಯ ಬಳಿಯೂ ಏನನ್ನೂ ಕೇಳದ ಗುಲ್ನಾಜ್, ದೀಪಾವಳಿಗೆ ಮುಂಚೆ ಹರಿಹರದ ಜವಳಿ ವ್ಯಾಪಾರಿ ಉಜ್ಜನಪ್ಪನವರನ್ನು ಒಂದು ಮಾತು ಕೇಳಿದರು. ಅವರು ಸೀರೆ ಖರೀದಿಗೆ ಸೂರತ್ತಿಗೆ ಹೋಗುವವರು. “ಅಣ್ಣಾರೆ, ಈ ವಿಳಾಸದ ಮನೆ ಮುಂದೆ ಒಮ್ಮೆ ಹಾದು ಬರ್ರಿ. ಒಳಗ ಹೋಗೋದು ಬ್ಯಾಡ. ಅದಾಳೋ ಇಲ್ಲೋ, ಅಷ್ಟೇ.”

ಉಜ್ಜನಪ್ಪ ಹಾದುಹೋಗುವ ಮನುಷ್ಯರಲ್ಲ. ಬಾಗಿಲು ತಟ್ಟಿದರು. ಪ್ರೇಮಲತಾ ಗಂಡನ ಮನೆಯ ಅಣ್ಣತಮ್ಮಂದಿರು ಬೇರೆಯಾಗಿದ್ದರು. ಮನೆ, ಕಂಪ್ಯೂಟರು, ಫೋನು ಎಲ್ಲ ದೊಡ್ಡವನ ಪಾಲಿಗೆ ಹೋಗಿ, ಗುಲ್ನಾಜ್ ಬರೆದ ಕಾಗದವೂ ಅಲ್ಲೇ ಉಳಿದು, ಪ್ರೇಮಲತಾ ಮತ್ತು ಅವರ ಗಂಡ ಊರಿನ ಇನ್ನೊಂದು ತುದಿಯ ಬಾಡಿಗೆ ಕೋಣೆಯಲ್ಲಿದ್ದರು. ಉಜ್ಜನಪ್ಪ ಅಲ್ಲಿಗೂ ಹೋದರು. ಹೊಲಿಗೆ ಮಿಷನ್ನಿನ ಮುಂದೆ ಸೀರೆಗೆ ಫಾಲು ಹಚ್ಚುತ್ತ ಕೂತಿದ್ದ ಪ್ರೇಮಲತಾ, ಹರಿಹರದ ಮಾತು ಕಿವಿಗೆ ಬಿದ್ದದ್ದೇ ಎದ್ದು ನಿಂತರಂತೆ. ಅವರೂ ಸುಮ್ಮನಿರಲಿಲ್ಲ. ಗುಲ್ನಾಜ್ ಮನೆಯಲ್ಲಿ ಫೋನಿಲ್ಲ. ಪಕ್ಕದ ನಯೀಮ್ ಅವರ ಕಿರಾಣಿ ಅಂಗಡಿಗೆ ಎಷ್ಟೋ ಸಲ ಹಚ್ಚಿದ್ದರು. ಆದರೆ ಈ ನಡುವೆ ದಾವಣಗೆರೆಯ ನಂಬರುಗಳ ಮುಂದೆಲ್ಲ ಒಂದು ಅಂಕಿ ಹೊಸದಾಗಿ ಸೇರಿತ್ತು. ಸೂರತ್ತಿನ ಬೂತಿನಲ್ಲಿ ನಿಂತವರಿಗೆ ಅದನ್ನು ಹೇಳುವವರಿರಲಿಲ್ಲ.

ಭಾನುವಾರ ಹತ್ತು ಗಂಟೆಗೆ ಉಜ್ಜನಪ್ಪನವರ ಮನೆಗೆ ಪ್ರೇಮಲತಾ ಫೋನು ಮಾಡುವುದೆಂದು ನಿಶ್ಚಯವಾಯಿತು. ಗುಲ್ನಾಜ್ ಎಂಟಕ್ಕೇ ಹೋಗಿ ಕೂತರು. ಉಜ್ಜನಪ್ಪನವರ ಹೆಂಡತಿ ಭೀಮವ್ವ ಚಹ ಕೊಟ್ಟು, “ಹೆಂಗೂ ಬಂದಿಯಲ್ಲ, ನಮ್ದು ಇಂಟರ್ನೆಟ್ ನಡುನಡುವೆ ಕಟ್ ಆಗತೈತೆ, ಒಂಚೂರು ನೋಡವ್ವ,” ಎಂದರು. ಹತ್ತು ಗಂಟೆಯ ತನಕ ಕೈಗೊಂದು ಕೆಲಸ ಬೇಕಾಗಿತ್ತು. ಗುಲ್ನಾಜ್ ಕೂತರು. ಲೈನು ಹತ್ತುವುದು, ಬೀಳುವುದು, ಮತ್ತೆ ಹಚ್ಚುವುದು. ಕೊನೆಗೆ ಅಟ್ಟದ ಮೇಲೆ ಇಲಿ ಕಡಿದ ತಂತಿ ಸಿಕ್ಕಿತು. ಅದನ್ನು ಬದಲಿಸಿ ಬಂದು, ಈ ಸಲ ನಿಲ್ಲುತ್ತದೋ ಇಲ್ಲವೋ ಎಂದು ಪರದೆಯನ್ನೇ ನೋಡುತ್ತ ಕೂತರು. ನಿಂತಿತು. ಎರಡು ಪುಟಾಣಿ ಕಂಪ್ಯೂಟರುಗಳು ಮೂಲೆಯಲ್ಲಿ ಸೊಗಸಾಗಿ ಮಿಣುಕುತ್ತಿದ್ದವು. ಗಡಿಯಾರ ನೋಡಿದರೆ ಹತ್ತು ದಾಟಿ ಬಹಳ ಹೊತ್ತಾಗಿತ್ತು.

“ಎಷ್ಟು ಮನೀಗೆ ಹೇಳೀನಿ, ಫೋನ್ ಬರೋದಿದ್ರೆ ನೆಟ್ ಹಚ್ಚಬ್ಯಾಡ್ರಿ ಅಂತ. ಅವತ್ತು ನಾನೇ ಬಾಗಿಲು ಮುಚ್ಕೊಂಡು ಕೂತಿದ್ದೆ.”

ಅವರು ಮೋಡೆಮ್ಮಿನ ತಂತಿಯನ್ನು ಗೋಡೆಯಿಂದಲೇ ಕಿತ್ತರು. ಫೋನನ್ನು ಮಡಿಲ ಹತ್ತಿರ ಎಳೆದುಕೊಂಡು ನೆಲದ ಮೇಲೆ ಕೂತರು. ಭೀಮವ್ವನಿಗೆ ವಿಷಯ ತಿಳಿದು ಅವರೂ ಪಕ್ಕದಲ್ಲಿ ಕೂತರು. ಹೊರಗೆ ಯಾರೋ ಹೂವು ಕೂಗಿಕೊಂಡು ಹೋದರು. ಇನ್ನೊಂದು ಚಹ ಬಂದು ಕೆನೆಗಟ್ಟಿತು. ಹನ್ನೊಂದರ ಸುಮಾರಿಗೆ ಉಜ್ಜನಪ್ಪ ಬಂದು, “ಮತ್ತೆ ಮಾಡ್ತಾಳೆ ಬಿಡವ್ವ,” ಎಂದರು. ಆದರೆ ಅವರ ದನಿಯೂ ಗಟ್ಟಿಯಿರಲಿಲ್ಲ. ಬೂತಿನವರು ಎಷ್ಟು ಹೊತ್ತು ನಿಲ್ಲಗೊಡುತ್ತಾರೆ? ಹೊಲಿಗೆ ಬಿಟ್ಟು ಬಂದವರಿಗೆ ಎಷ್ಟು ಹೊತ್ತಿನ ಬಿಡುವು?

ಆಗ ಫೋನು ಉದ್ದನೆಯ ದನಿಯಲ್ಲಿ ಬಡಿದುಕೊಂಡಿತು.

“ಹತ್ತರಿಂದ ಎಂಗೇಜ್ ಬರಕತ್ತಿತ್ತಲ್ಲೇ. ಯಾರ ಜೊತಿ ಮಾತಾಡ್ತಿದ್ದಿ?” ಪ್ರೇಮಲತಾ ಕೇಳಿದ ಮೊದಲ ಮಾತು ಅದು.

“ಭೀಮಕ್ಕರ ಲೈನ್ ನೋಡ್ತಿದ್ದೆ.”

“ಆತಾ?”

“ಆತು. ಇಲಿ ಕಡಿದಿತ್ತು.”

ಭೀಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ಆಮೇಲೆ ಗೆಳತಿಯರಿಬ್ಬರೂ ಒಟ್ಟಿಗೇ ಮಾತಾಡತೊಡಗಿ, ಇಬ್ಬರೂ ಒಟ್ಟಿಗೇ ನಿಲ್ಲಿಸಿ, ನಕ್ಕರು. ಬೂತಿನ ಹೊರಗೆ ಯಾರೋ ಗಾಜು ಬಡಿಯುವ ತನಕ ಮಾತು ನಡೆಯಿತು.

ಈಗ ತಿಂಗಳಿಗೊಂದು ಭಾನುವಾರ ನಯೀಮ್ ಅವರ ಅಂಗಡಿಗೆ ಕರೆ ಬರುತ್ತದೆ. ಹೊಸ ಅಂಕಿ ಸೇರಿಸಿದ ನಂಬರಿಗೆ. ಉಳಿದ ದಿನಗಳಲ್ಲಿ ಗುಲ್ನಾಜ್ ಮನೆಮನೆ ಸುತ್ತುತ್ತಾರೆ. ಪರೀಕ್ಷೆಯ ಮೇಲ್ ಈಗ ಆಯಾ ಮನೆಯವರ ನೆಂಟರಿಗೆ ಹೋಗುತ್ತದೆ. ಕೆಲವರು ಹಳೆಯ ರೂಢಿಯಂತೆ, ಗೆಳತಿ ಹೆಂಗದಾರೆ ಎಂದು ಕೇಳುತ್ತಾರೆ. “ಅದಾಳ್ರಿ,” ಎಂದಷ್ಟೇ ಹೇಳಿ ಗುಲ್ನಾಜ್ ತಂತಿಯ ಕಡೆ ಬಾಗುತ್ತಾರೆ.

ಸೂರತ್ತಿನ ಆ ಕೋಣೆಗೆ ಫೋನಿಗಾಗಿ ಅರ್ಜಿ ಹಾಕಿದ್ದಾರಂತೆ. ಪ್ರೇಮಲತಾ ಹಳೆಯದೊಂದು ಕಂಪ್ಯೂಟರನ್ನೂ ನೋಡಿಟ್ಟಿದ್ದಾರೆ. ಲೈನು ಯಾವಾಗ ಬರುತ್ತದೋ ಗೊತ್ತಿಲ್ಲ. ಗುಲ್ನಾಜ್ ಮಾತ್ರ ರೈಲು ಎಲ್ಲಿ ಬದಲಿಸಬೇಕು ಎಂಬುದನ್ನು ಸ್ಟೇಷನ್ನಿನಲ್ಲಿ ಕೇಳಿ ಬಂದಿದ್ದಾರೆ. ದಾವಣಗೆರೆ, ಹರಿಹರ ಬಿಟ್ಟರೆ ಅವರು ಹುಬ್ಬಳ್ಳಿಯನ್ನೂ ನೋಡಿದವರಲ್ಲ.

“ಆ ಮನೀಗೆ ಲೈನ್ ಬಂದ ದಿನ ನಾನೇ ಹೋಗಿ ಹಚ್ಚಬೇಕ್ರಿ,” ಅನ್ನುತ್ತಾರೆ. “ಅಲ್ಲಿ ಮಂದಿ ಇರ್ತಾರೆ, ನನಗಿಂತ ಚೆನ್ನಾಗಿ ಬಲ್ಲೋರು. ಆದ್ರೂ ನಾ ಬರೋ ತನಕ ತಂತಿ ಯಾರ ಕೈಲೂ ಮುಟ್ಟಿಸಬ್ಯಾಡ ಅಂದೀನಿ. ಹೂಂ ಅಂದಾಳೆ.”