ಕುಡಿತ ಬಿಡಿಸುವ ಜಾಗ ಹುಡುಕಿದ್ದು

ಬಸಿಯಲ್ಲಿದ್ದ ಚಹಾ ತುಟಿಗೆ ಮುಟ್ಟುವ ಮೊದಲೇ ಅಂಗಿಯ ಮೇಲೆ ಚೆಲ್ಲಿತು. ನಮ್ಮವರು ಎರಡೂ ಕೈಯಿಂದ ಬಸಿ ಹಿಡಿದಿದ್ದರು. ಆದರೂ ಚೆಲ್ಲಿತು. ಅತ್ತೆ ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ. ಮತ್ತೆ ಕುಡಿದಿದ್ದಾರೆ ಅಂತಲೇ ಇಬ್ಬರಿಗೂ ಅನ್ನಿಸಿತ್ತು.

ಅವರು ಕುಡಿದಿರಲಿಲ್ಲ.

ನಮ್ಮ ಊರು ಇಂಡಿ. ನಮ್ಮವರು ಲಿಂಬೆಹಣ್ಣಿನ ವ್ಯಾಪಾರದವರು. ತೋಟಗಳಿಂದ ಬಂದ ಹಣ್ಣನ್ನು ಆರಿಸಿ, ಮೂಟೆ ಕಟ್ಟಿಸಿ, ಹೊರ ಊರುಗಳಿಗೆ ಲಾರಿ ಹತ್ತಿಸುವ ಕೆಲಸ. ಮೊದಮೊದಲು ಲಾರಿ ಹೊರಟ ಮೇಲೆ ಗೆಳೆಯರ ಜೊತೆ ಕುಡಿಯುತ್ತಿದ್ದರು. ಆಮೇಲೆ ಲಾರಿ ಬರುವ ಮೊದಲೂ ಬೇಕಾಯಿತು. ಕೊನೆಕೊನೆಗೆ ಹಲ್ಲುಜ್ಜುವುದಕ್ಕೂ ಕುಡಿಯುವುದಕ್ಕೂ ನಡುವೆ ಅಂತರವೇ ಇರಲಿಲ್ಲ. ನಾನು ಬೈದೆ, ತವರಿಗೆ ಹೋಗಿ ಕುಳಿತೆ, ಮತ್ತೆ ಬಂದೆ. ನನ್ನ ಬಾಯಿ ಜೋರು ಅಂತ ಓಣಿಯಲ್ಲೆಲ್ಲ ಹೆಸರು. ಆ ಬಾಯಿಯಿಂದ ಒಂದು ಗುಟುಕೂ ಕಡಿಮೆ ಆಗಲಿಲ್ಲ.

ನಮ್ಮ ಕಡೆ ಇದಕ್ಕೊಂದು ಪದ್ಧತಿಯಿದೆ. ಕುಡಿಯುವವರನ್ನು ಪಂಢರಪುರಕ್ಕೆ ಕರೆದುಕೊಂಡು ಹೋಗಿ ಕೊರಳಿಗೆ ತುಳಸಿ ಮಾಲೆ ಹಾಕಿಸುತ್ತಾರೆ. ಮಾಲೆ ಬಿದ್ದ ಮೇಲೆ ಸೆರೆ ಮುಟ್ಟುವಂತಿಲ್ಲ, ಮಾಂಸ ಮುಟ್ಟುವಂತಿಲ್ಲ. ಹಾಗೆ ಬಿಟ್ಟು ಚೆನ್ನಾಗಿ ಬಾಳುತ್ತಿರುವವರು ನಮ್ಮ ಓಣಿಯಲ್ಲೇ ಇದ್ದಾರೆ, ಆದ್ದರಿಂದ ನಾನು ಅದರ ಬಗ್ಗೆ ಹಗುರವಾಗಿ ಮಾತಾಡುವುದಿಲ್ಲ. ಅತ್ತೆ ಹಟ ಹಿಡಿದರು. ನಮ್ಮವರೂ ವಿಠ್ಠಲನ ಮುಂದೆ ನಿಂತು ಮಗುವಿನಂತೆ ಅತ್ತರು. ಮಾಲೆ ಹಾಕಿಸಿಕೊಂಡು ಮನೆಗೆ ಬಂದವರು ಆ ದಿನದಿಂದಲೇ ಪೂರ್ತಿ ಬಿಟ್ಟುಬಿಟ್ಟರು. ನಾನು ಎಷ್ಟೋ ವರ್ಷಗಳ ಮೇಲೆ ಹೋಳಿಗೆ ಮಾಡಿದೆ.

ಅದರ ಮರುದಿನವೇ ಚಹಾ ಚೆಲ್ಲಿದ್ದು.

ಆಮೇಲೆ ಗೋಡೆಗೆ ಇರುವೆ ಹತ್ತಿವೆ ಎಂದು ಅಂಗೈಯಿಂದ ಒರೆಸತೊಡಗಿದರು. ಗೋಡೆಯ ಮೇಲೆ ಏನೂ ಇರಲಿಲ್ಲ. ಹಾಸಿಗೆಯಲ್ಲಿ ಕುಳಿತೇ ಹಮಾಲರ ಹೆಸರು ಹಿಡಿದು ಕೂಗಿದರು, ಮೂಟೆ ಸರಿಯಾಗಿ ಹೊರುತ್ತಿಲ್ಲವೆಂದು ಬೈದರು. ಮೈಯೆಲ್ಲ ಬೆವರು. ಬಾಯಿ ಮೂಸಿ ನೋಡಿದೆ. ವಾಸನೆ ಇರಲಿಲ್ಲ.

“ಕದ್ದು ಕುಡದಾನವಾ. ಮಾಲಿ ಹಾಕ್ಕೊಂಡು ಕುಡದ್ರ ವಿಠ್ಠಲ ಬಿಡ್ತಾನೇನು?” ಎಂದು ಅತ್ತೆ ಅಳುತ್ತ ಹಣೆಗೆ ಅಂಗಾರ ಹಚ್ಚಿದರು. ದೇವರ ಮುಂದೆ ತಪ್ಪು ಒಪ್ಪಿಸಿ ಬರೋಣವೆಂದು ಗುಡಿಗೆ ಹೊರಡಿಸಿದೆವು. ಆಟೊ ಹತ್ತಿಸುವಾಗ ಅವರ ಕೈಕಾಲು ಸೆಟೆದವು. ಕಣ್ಣು ಮೇಲೆ ಸಿಕ್ಕಿಕೊಂಡಿತು. ಬಾಯಲ್ಲಿ ನೊರೆ.

ಗುಡಿಗೆ ಹೊರಟ ಆಟೊ ದವಾಖಾನೆಗೆ ತಿರುಗಿತು. ಇಂಡಿಯಲ್ಲಿ ಒಂದು ಇಂಜೆಕ್ಷನ್ ಕೊಟ್ಟು ಆಂಬ್ಯುಲೆನ್ಸಿನಲ್ಲಿ ವಿಜಯಪುರಕ್ಕೆ ಕಳಿಸಿದರು. ಅಲ್ಲಿ ಐಸಿಯು ಒಳಗೆ ಕರೆದೊಯ್ದರು. ಡಾಕ್ಟರು ಹೊರಗೆ ಬಂದು ಕೇಳಿದ ಮೊದಲ ಪ್ರಶ್ನೆ, ಕುಡಿಯುವುದನ್ನು ಯಾವಾಗ ಬಿಟ್ಟರು ಎಂಬುದು. ಎಷ್ಟು ಕುಡಿಯುತ್ತಾರೆ ಅಂತ ಕೇಳಲಿಲ್ಲ. ಮಾಲೆಯ ವಿಷಯ ಹೇಳಿದೆ.

“ದಿನಾ ಕುಡಿಯೋ ಮನುಷ್ಯಾ ಒಮ್ಮಿಂದೊಮ್ಮೆಲೆ ಬಿಟ್ರ ಹಿಂಗ ಆಗತೈತಿ, ಅಕ್ಕಾರ. ವಿತ್‌ಡ್ರಾವಲ್ ಅಂತೀವಿ. ತಡಾ ಮಾಡಿದ್ರ ಜೀವಾನ ಹೋಗತಿತ್ತು.”

ಬಿಟ್ಟದ್ದಕ್ಕೇ ಜೀವ ಹೋಗುತ್ತಿತ್ತು.

ಈ ಮಾತು ನನ್ನ ತಲೆಗೆ ಇಳಿಯಲು ಬಹಳ ಹೊತ್ತು ಹಿಡಿಯಿತು. ಕುಡಿದು ಕುಡಿದು ಸಾಯುತ್ತಾರೆ ಎಂದು ಹೆದರಿದ್ದೆ, ಆ ಹೆದರಿಕೆ ರೂಢಿಯಾಗಿಯೂ ಹೋಗಿತ್ತು. ಒಳ್ಳೆಯ ಕೆಲಸ ಮಾಡಿ ಸಾಯಬಹುದು ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಡಾಕ್ಟರಿಗೆ ನಮ್ಮ ಮೇಲೆ ಸಿಟ್ಟೇನೂ ಇರಲಿಲ್ಲ. “ದೇವರ ಮುಂದ ಬಿಟ್ಟದ್ದು ತಪ್ಪಲ್ಲ. ಡಾಕ್ಟರ್ ಮುಂದನೂ ಹೇಳಿ ಬಿಡಬೇಕಿತ್ತು, ಅಷ್ಟ” ಅಂದರು.

ಪ್ರಜ್ಞೆ ಬಂದ ಮೇಲೆ ನಮ್ಮವರು ಮೊದಲು ಮುಟ್ಟಿಕೊಂಡದ್ದು ಕೊರಳನ್ನು. ಐಸಿಯು ಒಳಗೆ ಒಯ್ಯುವಾಗ ನರ್ಸ್ ಮಾಲೆ ಕತ್ತರಿಸಿದ್ದರು. ಮಣಿಗಳು ನನ್ನ ಕರವಸ್ತ್ರದಲ್ಲಿದ್ದವು.

“ಮಾಲಿ ಹರೀತೇನು?”

“ನಾ ಇಟ್ಕೊಂಡೇನ್ರಿ.”

“ಹರದದ್ದ ಇಟ್ಕೊಂಡು ಏನ್ ಮಾಡ್ತಿ? ಹರೀತಂದ್ರ ಆಣಿ ಮುಗೀತು.”

ಅವರು ಗೋಡೆಯ ಕಡೆ ತಿರುಗಿದರು. ಮಾಲೆ ಹರಿದರೆ ವ್ರತ ಮುರಿದಂತೆ ಎಂದು ನಮ್ಮಲ್ಲಿ ನಂಬುತ್ತಾರೆ. ಅಂದರೆ ಅವರ ಮಟ್ಟಿಗೆ ಇನ್ನು ಕುಡಿಯಲು ಅಡ್ಡಿಯಿರಲಿಲ್ಲ. ಅತ್ತೆಯದು ಇನ್ನೊಂದು ಲೆಕ್ಕ. ಡಿಸ್ಚಾರ್ಜ್ ಆದ ಕೂಡಲೇ ಮತ್ತೆ ಪಂಢರಪುರ, ಹೊಸ ಮಾಲೆ. ಡಾಕ್ಟರು ಮಾತ್ರ ಸ್ಪಷ್ಟವಾಗಿ ಹೇಳಿದರು: ಮೈಯೊಳಗಿನ ವಿಷ ಇಳಿದಿದೆ, ಮನಸ್ಸಿನ ಚಿಕಿತ್ಸೆ ಇನ್ನೂ ಶುರುವೇ ಆಗಿಲ್ಲ. ಹೀಗೇ ಮನೆಗೆ ಕರೆದೊಯ್ದರೆ ಮತ್ತೆ ಕುಡಿಯುತ್ತಾರೆ. ಮತ್ತೆ ಒಮ್ಮೆಲೇ ಬಿಟ್ಟರೆ ಮುಂದಿನ ಫಿಟ್ಸ್ ಇದಕ್ಕಿಂತ ಕೆಟ್ಟದಾಗಬಹುದು. ಡಿಸ್ಚಾರ್ಜ್ ಆಗುವುದರೊಳಗೆ ಒಂದು ಡಿ-ಅಡಿಕ್ಷನ್ ಸೆಂಟರ್ ನೋಡಿಕೊಳ್ಳಿ.

“ಯಾವುದು ಚಲೋ ಐತ್ರಿ?” ಎಂದೆ.

“ಹೋಗಿ ಕಣ್ಣಿಲೆ ನೋಡ್ರಿ. ಸೈಕಿಯಾಟ್ರಿಸ್ಟ್ ಯಾರು, ಫಿಟ್ಸ್ ಬಂದ್ರ ಎಲ್ಲಿಗೆ ಒಯ್ತಾರ, ಪೇಷಂಟನ್ನ ನೋಡಾಕ ಮನಿಯವರಿಗೆ ಬಿಡ್ತಾರೋ ಇಲ್ಲೋ, ಇಷ್ಟ ಕೇಳ್ರಿ.”

ಲಿಂಬೆಹಣ್ಣು ಕೊಳ್ಳುವುದಾದರೆ ಮೂಟೆಯ ಬಾಯಿ ಬಿಚ್ಚಿ ತಳದ ಹಣ್ಣು ನೋಡಬೇಕೆಂದು ನನಗೂ ಗೊತ್ತು. ಗಂಡನನ್ನು ಬಿಟ್ಟುಬರುವ ಜಾಗವನ್ನು ಹೇಗೆ ನೋಡುವುದು? ವಾರ್ಡಿನ ಹೊರಗಿನ ಬೆಂಚಿನಲ್ಲಿ ಕುಳಿತು ಮೊಬೈಲಿನಲ್ಲಿ ಹುಡುಕಿದೆ. ಬೆಳಗಾವಿ, ಕಲಬುರಗಿ, ಹುಬ್ಬಳ್ಳಿ, ಬೆಂಗಳೂರು, ಮಂಗಳೂರು. ರಾಜ್ಯದ ತುಂಬ ಇವೆ. ಎಲ್ಲ ಫೋಟೊಗಳಲ್ಲೂ ಹಸಿರು ಹುಲ್ಲು, ಯೋಗ ಮಾಡುವ ಜನ, ನಗುವ ಡಾಕ್ಟರು. ಕೆಲವು ಕಡೆ ಊರು ಬೇರೆ ಇದ್ದರೂ ಫೋಟೊ ಅದೇ. ಒಂದಕ್ಕೆ ಫೋನ್ ಮಾಡಿದರೆ ಇನ್ನೂ ನಾಲ್ಕಾರು ಕಡೆಯಿಂದ ಫೋನ್ ಬರತೊಡಗಿದವು. ನನ್ನ ಗಂಡ ಕುಡಿಯುತ್ತಾರೆಂದು ಇಡೀ ಕರ್ನಾಟಕಕ್ಕೆ ಗೊತ್ತಾದಂತೆ ನಾಚಿಕೆಯಾಯಿತು.

“ಗ್ಯಾರಂಟಿ ಮೇಡಂ, ನೂರಕ್ಕೆ ನೂರು,” ಎಂದಿತು ಒಂದು ಹೆಣ್ಣುದನಿ. “ಪೇಷಂಟ್ ಒಪ್ಪದಿದ್ದರೂ ಪರವಾಗಿಲ್ಲ. ನಾವೇ ಗಾಡಿ ಕಳಿಸ್ತೀವಿ. ನಮ್ಮ ಹುಡುಗರು ಬಂದು ಪಿಕಪ್ ಮಾಡ್ತಾರೆ.”

“ನಮ್ಮವರೇನು ಲಿಂಬಿಕಾಯಿ ಮೂಟಿ ಏನ್ರಿ?” ಎಂದು ಫೋನ್ ಇಟ್ಟೆ.

ಸಿಂದಗಿಯಿಂದ ನಮ್ಮ ಅಣ್ಣ ಬಸಣ್ಣ ಬಂದ. ಅವನಿಗೆ ಅಲ್ಲಿ ಪೈಪು ಮೋಟರಿನ ಅಂಗಡಿ. ತಂಗಿಯ ಮೇಲೆ ಜೀವ, ತಂಗಿಯ ಗಂಡನ ಮೇಲೆ ಬೆಟ್ಟದಷ್ಟು ಸಿಟ್ಟು. ಅತ್ತೆಯನ್ನು ಆಸ್ಪತ್ರೆಯಲ್ಲಿ ಕೂರಿಸಿ ನಾವಿಬ್ಬರೂ ಅವನ ಗಾಡಿಯಲ್ಲಿ ಹೊರಟೆವು.

ಮೊದಲು ಹೋದ ಸೆಂಟರಿನ ಹೆಸರಾಗಲಿ ಊರಾಗಲಿ ಹೇಳುವುದಿಲ್ಲ. ಆಫೀಸು ಮದುವೆಯ ಹಾಲಿನಂತಿತ್ತು. ಸೋಫಾ, ಎಸಿ, ಗಾಜಿನ ತೊಟ್ಟಿಯಲ್ಲಿ ಮೀನು. ಬಸಣ್ಣನಿಗೆ ಕಾಲಿಟ್ಟ ಕೂಡಲೇ ಮನಸ್ಸಿಗೆ ಬಂತು. ಡಾಕ್ಟರು ಯಾರು ಎಂದು ಕೇಳಿದೆ. ಬರುತ್ತಿರುತ್ತಾರೆ ಎಂದರು. ಯಾವಾಗ? ಬೇಕಾದಾಗ. ಒಳಗೆ ನೋಡಬಹುದೇ? ಮನೆಯವರನ್ನು ಒಳಗೆ ಬಿಟ್ಟರೆ ಪೇಷಂಟ್ ಮನಸ್ಸು ಕೆಡುತ್ತದೆಯಂತೆ. ಬಸಣ್ಣ ಅದಕ್ಕೂ ತಲೆಯಾಡಿಸಿದ. ನಾನು ನೀರು ಕುಡಿಯುವ ನೆಪದಲ್ಲಿ ಹಿತ್ತಿಲಿನ ಕಡೆ ಹೋದೆ. ಮೇಲಿನ ಮಹಡಿಯ ಕಿಟಕಿಗೆ ಜಾಳಿಗೆ ಹೊಡೆದಿದ್ದರು. ಅದರ ಹಿಂದೆ ಒಂದು ಮುಖ ಕಂಡಿತು. ಗಡ್ಡ ಬಿಟ್ಟ, ಬಸಣ್ಣನ ವಯಸ್ಸಿನ ಗಂಡಸು.

“ಅಕ್ಕಾ, ಇವತ್ತ ಯಾವ ವಾರ?”

ಅಷ್ಟೇ ಕೇಳಿದ. ಬಿಡಿಸು ಅನ್ನಲಿಲ್ಲ, ಮನೆಗೆ ಫೋನ್ ಮಾಡು ಅನ್ನಲಿಲ್ಲ. ನಾನು ಗುರುವಾರ ಎಂದೆ. ಅಷ್ಟರಲ್ಲಿ ಒಬ್ಬ ಬಂದು ನನ್ನನ್ನು ಹೊರಗೆ ನಡೆಸಿದ.

ಗಾಡಿಯಲ್ಲಿ ಜಗಳವಾಯಿತು.

“ಕುಡುಕರಿಗೆ ಅರಮನಿ ಬೇಕೇನು ನಿನಗ? ಕಟ್ಟಿ ಹಾಕಿದ್ರನ ದಾರಿಗೆ ಬರ್ತಾರ,” ಎಂದ ಬಸಣ್ಣ.

“ಹೊರಗ ಬಂದ ಮ್ಯಾಲೆ ಯಾರು ಕಟ್ಟಿ ಹಾಕ್ತಾರ? ನೀ ಬರ್ತಿಯೇನು ಇಂಡಿಗೆ?”

ನನ್ನನ್ನು ಬಸ್ ನಿಲ್ದಾಣದಲ್ಲಿ ಇಳಿಸಿ ಅವನು ಸಿಂದಗಿಯ ದಾರಿ ಹಿಡಿದ. ನಾನು ಬಸ್ಸಿನಲ್ಲಿ ವಿಜಯಪುರಕ್ಕೆ ಬಂದೆ. ದಾರಿಯುದ್ದಕ್ಕೂ ಒಂದೇ ಚಿಂತೆ. ಅಣ್ಣ ಹೇಳುವುದು ಸರಿಯಿದ್ದರೆ? ನಾನು ಆರಿಸುತ್ತ ಕೂತಿರುವಾಗ ಇವರು ಡಿಸ್ಚಾರ್ಜ್ ಆಗಿ ನೇರ ಸೆರೆ ಅಂಗಡಿಗೆ ನಡೆದರೆ?

ಬಸವನ ಬಾಗೇವಾಡಿಯ ಒಬ್ಬ ಹೆಣ್ಣುಮಗಳು ಪಕ್ಕದ ಬೆಡ್ಡಿನಲ್ಲಿದ್ದ ತನ್ನ ಮಾವನನ್ನು ನೋಡಿಕೊಳ್ಳುತ್ತಿದ್ದಳು. ನನ್ನ ಫೋನಿನ ಮಾತು ಕೇಳಿಸಿಕೊಂಡು, ಬಾಗಲಕೋಟೆ ದಾಟಿ ಒಂದು ಸಣ್ಣ ಸೆಂಟರಿದೆ, ತನ್ನ ಸೋದರಮಾವನ ಮಗ ಅಲ್ಲಿದ್ದ ಎಂದಳು. “ಅವ ಬಿಟ್ಟನೇನ್ರಿ?” ಎಂದು ಕೇಳಿದ್ದಕ್ಕೆ, “ಎರಡ ಸಲ ಹೋಗಿ ಬಂದಾನ್ರಿ,” ಎಂದು ನಕ್ಕಳು. ಇದೆಂಥ ಶಿಫಾರಸು ಅನ್ನಿಸಿತು. ಆದರೂ ಮರುದಿನ ಒಬ್ಬಳೇ ಬಸ್ ಹತ್ತಿದೆ.

ಸುಣ್ಣ ಉದುರಿದ ಕಟ್ಟಡ. ಗೇಟಿಗೆ ಅಗುಳಿ ಮಾತ್ರ, ಕೀಲಿ ಇರಲಿಲ್ಲ. ಅಂಗಳದಲ್ಲಿ ಗಂಡಸರು ಉಳ್ಳಾಗಡ್ಡಿ ಹೆಚ್ಚುತ್ತ ಕುಳಿತು ಒಬ್ಬರನ್ನೊಬ್ಬರು ಗೇಲಿ ಮಾಡುತ್ತಿದ್ದರು. ಕೌನ್ಸೆಲರ್ ಅಡಿಗೆಮನೆಯಿಂದ ಮಲಗುವ ಕೋಣೆಯವರೆಗೆ ಎಲ್ಲ ತೋರಿಸಿದರು. ಸೈಕಿಯಾಟ್ರಿಸ್ಟ್ ಬರುವ ದಿನಗಳನ್ನು ಗೋಡೆಗೆ ಬರೆದಿದ್ದರು. ಫಿಟ್ಸ್ ಬಂದರೆ ಕರೆದೊಯ್ಯುವ ಆಸ್ಪತ್ರೆ ಅದೇ ರಸ್ತೆಯಲ್ಲಿತ್ತು. ಭಾನುವಾರ ಮನೆಯವರು ಬರಲೇಬೇಕಂತೆ. ಯಾಕೆ ಎಂದೆ. “ಅವರೊಬ್ಬರಿಗೇ ಅಲ್ರಿ, ನಿಮಗೂ ಇಲ್ಲಿ ಕೆಲಸ ಐತಿ,” ಎಂದರು. ನನಗೆ ಸ್ವಲ್ಪ ಚುರುಕ್ಕೆಂದಿತು. ಕುಡಿದವರು ಅವರು, ಕೆಲಸ ನನಗೆ!

“ಗ್ಯಾರಂಟಿ ಐತೇನ್ರಿ?”

“ಇಲ್ರಿ.”

“ಮತ್ತ ಯಾಕ ಬರಬೇಕು?”

“ನಾನೂ ಕುಡೀತಿದ್ನಿ, ಅಕ್ಕಾರ. ನನಗೂ ಯಾರೂ ಗ್ಯಾರಂಟಿ ಕೊಡಲಿಲ್ಲ. ಜಾರಿ ಬಿದ್ರ ಮುಚ್ಚಿಡಬಾರದು, ತಿರುಗಿ ಬರಬೇಕು. ಅದನ್ನ ಕಲಸ್ತೀವಿ. ಆದ್ರ ಅವರು ತಮ್ಮ ಕಾಲಿಲೆ ಬರಬೇಕು. ಹೊತ್ಕೊಂಡು ತಂದವರನ್ನ ನಾವು ತಗೊಳ್ಳಂಗಿಲ್ಲ.”

ಮಾಲೆಯ ವಿಷಯ ಕೇಳಿದೆ. ಹಾಕಿಕೊಳ್ಳಲಿ, ಆದರೆ ಗುಳಿಗೆಯನ್ನು ಬಿಡಬಾರದು ಎಂದರು. ನಾನು ಅಲ್ಲಿಂದಲೇ ಅತ್ತೆಗೆ ಫೋನ್ ಹಚ್ಚಿ ಕೌನ್ಸೆಲರ್ ಕೈಗೆ ಕೊಟ್ಟೆ. ಏನು ಮಾತಾಡಿದರೋ, ಅತ್ತೆ ಪಂಢರಪುರದ ಮಾತನ್ನು ಮುಂದಕ್ಕೆ ಹಾಕಿದರು. ಎಲ್ಲ ಕಡೆ ಗ್ಯಾರಂಟಿ ಕೊಟ್ಟಿದ್ದರು. ಇಲ್ಲ ಎಂದ ಒಬ್ಬ ಮನುಷ್ಯನ ಮೇಲೆ ನನಗೆ ನಂಬಿಕೆ ಬಂತು. ಆದರೆ ನಮ್ಮವರು ತಮ್ಮ ಕಾಲಿನಿಂದ ಬರುವುದು ಹೇಗೆ? ಗೋಡೆಯ ಕಡೆ ತಿರುಗಿ ಮಲಗಿದವರು ನನ್ನ ಜೊತೆ ಸರಿಯಾಗಿ ಮಾತೇ ಆಡುತ್ತಿರಲಿಲ್ಲ.

ಡಿಸ್ಚಾರ್ಜ್ ದಿನ ಆಸ್ಪತ್ರೆಯ ಮುಂದೆ ಒಂದು ಬಿಳಿ ಜೀಪು ನಿಂತಿತ್ತು. ಪಕ್ಕದಲ್ಲಿ ಬಸಣ್ಣ. ಜೊತೆಗೆ ದಪ್ಪ ತೋಳಿನ ನಾಲ್ಕು ಮಂದಿ.

ಅಣ್ಣ ಪಿಕಪ್ ಕರೆಸಿದ್ದ.

ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ. “ಬಸಣ್ಣಾ, ಇವರನ್ನ ವಾಪಸ್ ಕಳಸು,” ಎಂದೆ. ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣದಾಗಿತ್ತು.

“ನೀ ಸುಮ್ನಿರು ಶೋಭಾ. ನಿನ್ನ ಕೈಲೆ ಆಗಂಗಿಲ್ಲ. ನಾಳೆ ಅವ ಸತ್ರ ನನ್ನ ಮುಂದ ಬಂದು ಅಳಬ್ಯಾಡ.”

ಅಷ್ಟರಲ್ಲಿ ಅತ್ತೆ ಬಂದರು. ಸೊಂಟ ನೋವಿನ ಮುದುಕಿ, ಸೀದಾ ಹೋಗಿ ಜೀಪಿನ ಹಿಂದಿನ ಸೀಟಿನಲ್ಲಿ ಕುಳಿತುಬಿಟ್ಟರು. “ಒಯ್ಯೂದಿದ್ರ ನನ್ನ ಒಯ್ರಿ. ಮಾಲಿ ಹಾಕಿಸಿದಾಕಿ ನಾನು. ನನ್ನ ಮಗ ಏನ್ ಕಳವು ಮಾಡ್ಯಾನ?” ಆ ನಾಲ್ವರೂ ಮುಖ ಮುಖ ನೋಡಿಕೊಂಡರು. ಇಂಥ ಪೇಷಂಟ್ ಅವರಿಗೆ ಹಿಂದೆ ಸಿಕ್ಕಿರಲಿಲ್ಲ. ಜನ ಸೇರಿದರು.

ನಮ್ಮವರು ಎಲ್ಲವನ್ನೂ ಮೇಲಿನಿಂದ ನೋಡಿದ್ದರು. ಗೋಡೆ ಹಿಡಿದುಕೊಂಡು ನಿಧಾನವಾಗಿ ಕೆಳಗಿಳಿದು ಬಂದರು. ಬಸಣ್ಣನ ಮುಂದೆ ನಿಂತು ಕೈ ಮುಗಿದರು. ಅವರು ಅವನಿಗೆ ಕೈ ಮುಗಿದದ್ದನ್ನು ನಾನು ಅದೇ ಮೊದಲು ನೋಡಿದ್ದು.

“ಎತ್ತಿಸಿಕೊಂಡು ಹೋಗಬ್ಯಾಡ ಮಾರಾಯಾ. ಶೋಭಾ ನೋಡಿ ಬಂದ ಜಾಗಕ್ಕ ನಾನ ನಡಕೊಂಡು ಹೋಗ್ತೇನಿ.” ಆಮೇಲೆ ನನ್ನ ಕಡೆ ತಿರುಗಿ, “ಅಲ್ಲಿ ಹೊರಗಿಂದ ಕೀಲಿ ಹಾಕಂಗಿಲ್ಲಲಾ?” ಎಂದು ಕೇಳಿದರು.

“ಇಲ್ರಿ. ಅಗುಳಿ ಅಷ್ಟ.”

ಬಸಣ್ಣನಿಗೆ ಕಣ್ಣೀರು ಬಂತು. ಜೀಪು ಕಳಿಸಿದ. ತನ್ನ ಗಾಡಿಯಲ್ಲೇ ನಮ್ಮನ್ನು ಬಾಗಲಕೋಟೆ ದಾಟಿಸಿ ಬಿಟ್ಟುಬಂದ.

ಅಲ್ಲಿಯ ದಿನಗಳ ಬಗ್ಗೆ ನನಗೆ ಭಾನುವಾರಗಳಷ್ಟೇ ಗೊತ್ತು. ನನಗೂ ಕೆಲಸ ಇತ್ತು, ಕೌನ್ಸೆಲರ್ ಹೇಳಿದ್ದು ನಿಜ. ಮುಂದೆ ಅವರ ಜೇಬು ತಡಕಬಾರದು ಎಂಬುದನ್ನು ಒಪ್ಪುವುದೇ ನನಗೆ ಎಷ್ಟು ಕಷ್ಟವೆಂದು ಆಗ ತಿಳಿಯಿತು. ಮನೆಗೆ ಬಂದ ಮೇಲೆ ಅವರು ಗುಳಿಗೆ ತಪ್ಪಿಸಲಿಲ್ಲ, ಲಿಂಬೆಯ ಮಾರುಕಟ್ಟೆಗೆ ಹೋದರು, ಅನ್ನ ತಿಂದರು. ನಾನು ಮಾತ್ರ ಬಾಗಿಲು ಸಪ್ಪಳವಾದರೆ ಮೊದಲು ಅವರ ಹೆಜ್ಜೆ ಕೇಳುತ್ತಿದ್ದೆ. ಹೆಜ್ಜೆ ನೆಟ್ಟಗಿದ್ದರೂ ಹೆದರಿಕೆ ಹೋಗುತ್ತಿರಲಿಲ್ಲ.

ಹೋದ ತಿಂಗಳು ಹೂವಿನ ಹಿಪ್ಪರಗಿಯಲ್ಲಿ ಬೀಗರ ಮದುವೆ ಇತ್ತು. ನಾನು ಹೋಗಲಿಲ್ಲ. ಅವರು ಹೋಗಿ ಬಂದರು, ಮಲಗಿದರು. ಬೆಳಿಗ್ಗೆ ನಾನು ಎದ್ದು ಹೊರಗೆ ಬಂದಾಗ ಸ್ನಾನ ಮಾಡಿ, ಅಂಗಿ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದರು.

“ನಿನ್ನಿ ಕುಡದೇನಿ.”

ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಬೈಗುಳವೆಲ್ಲ ಗಂಟಲಿಗೆ ಬಂತು. ಆದರೆ ಈ ಮಾತು ನಾನು ವಾಸನೆ ಹಿಡಿದು, ಜೇಬು ತಡಕಿ, ಜಗಳ ತೆಗೆದು ಹೊರಡಿಸಿದ್ದಲ್ಲ. ಅವರಾಗಿಯೇ ಹೇಳಿದ್ದು.

“ಮನ್ಯಾಗ ಕುಂತು ಬಿಡ್ತೀನಿ ಅನ್ನಂಗಿಲ್ಲ. ಸೆಂಟರಿಗೆ ಫೋನ್ ಮಾಡೇನಿ, ಬಾ ಅಂದಾರ,” ಎಂದರು. “ನೀ ಜೋಡಿ ಬರ್ತಿಯೇನು? ಒಬ್ಬನ ಹೋಗಾಕ ಧೈರ್ಯ ಸಾಲವಲ್ದು.”

ಸೀರೆ ಬದಲಿಸಲು ಒಳಗೆ ಹೋದೆ. ಅವರು ಎಷ್ಟು ದಿನ ಇರಬೇಕಾದೀತೋ, ಇನ್ನೆಷ್ಟು ಸಲ ಹೋಗಬೇಕಾದೀತೋ ನನಗೆ ಗೊತ್ತಿಲ್ಲ. ಈಗಲೂ ಹೆದರಿಕೊಂಡೇ ಇದ್ದೇನೆ, ಅದನ್ನು ಮುಚ್ಚಿಡುವುದಿಲ್ಲ. ಹೊರಗೆ ಬಂದು, ತಡೀರಿ, ನಿಮ್ಮ ಅಂಗಿ ಅರಿವೆ ತುಂಬಿಕೊಡುತ್ತೇನೆ ಅಂದೆ. ಬೇಡ ಅಂದರು. ಕಟ್ಟೆಯ ಹಿಂದೆ ಅವರ ಚೀಲ ಆಗಲೇ ತಯಾರಾಗಿತ್ತು.